ಮೇಷ್ಟರ ಮನೆಯ ಚಾಪೆ

ನಮ್ಮ ಮನೆಯ ತಾರಸಿಯ ಮೇಲೆ ದೂರದರ್ಶನದ ಫ್ರೀ ಡಿಶ್ ಇದೆ. ಒಮ್ಮೆ ಡಿಶ್ಶಿಗೂ ಪೆಟ್ಟಿಗೆಗೂ ಹಣ ಕೊಟ್ಟರಾಯಿತು, ಆಮೇಲೆ ತಿಂಗಳ ಬಾಡಿಗೆಯಿಲ್ಲ. 2004ರಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಆರಂಭವಾದ ಸೇವೆ ಇದು. ಮೊಬೈಲಿನಲ್ಲೇ ಸಿನಿಮಾ ನೋಡುವ ನಮ್ಮ ಮಕ್ಕಳಿಗೆ ಅದು ರುಚಿಸದು. ನಮಗೆ ಮಾತ್ರ ಅಲ್ಲಿ ಆಗಾಗ ಮತ್ತೆ ಬರುವ ಹಳೆಯ ಧಾರಾವಾಹಿಗಳೇ ಇಷ್ಟ.

2020ರ ಮಾರ್ಚ್ ಕೊನೆಯಲ್ಲಿ, ಲಾಕ್‌ಡೌನ್ ಆದ ಮೇಲೆ, ಡಿಡಿ ಭಾರತಿಯಲ್ಲಿ ಬಿ.ಆರ್. ಚೋಪ್ರಾ ಅವರ 'ಮಹಾಭಾರತ' ಮತ್ತೆ ಶುರುವಾಯಿತು. ಏಪ್ರಿಲ್ ಕೊನೆಯಲ್ಲಿ ರಮಝಾನ್ ಬಂತು. ಮಸೀದಿ ಮುಚ್ಚಿತ್ತು. ಮನೆಯಲ್ಲೇ ಇಫ್ತಾರ್ ಮಾಡಿ, ಮಗ್‌ರಿಬ್ ನಮಾಝ್ ಮುಗಿಸಿ, ಸಂಜೆ 7 ಗಂಟೆಗೆ ಟಿ.ವಿ. ಮುಂದೆ ಕೂರುತ್ತಿದ್ದೆವು.

1988ರಿಂದ 1990ರವರೆಗೆ ಅದು ಮೊದಲ ಸಲ ಪ್ರಸಾರವಾದಾಗ ನಮ್ಮಲ್ಲಿ ಟಿ.ವಿ. ಇರಲಿಲ್ಲ. ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಮೇಷ್ಟರ ಪಡಸಾಲೆಯಲ್ಲಿ ಚಾಪೆ ಹಾಸುತ್ತಿದ್ದರು. ಬೀದಿಯ ಅರ್ಧ ಜನ ಅಲ್ಲಿ. ಬಾಗಿಲ ಹೊರಗೆ ಚಪ್ಪಲಿಗಳ ರಾಶಿ. ಒಬ್ಬ ಮಾಡಿನ ಮೇಲೆ ಹತ್ತಿ ಆಂಟೆನಾ ತಿರುಗಿಸಿದರೆ, ಒಳಗಿದ್ದವರು "ಬಂತು, ಬಂತು, ಅಲ್ಲೇ ಬಿಡು" ಎಂದು ಕೂಗಬೇಕು.

ಹಿಂದಿ ಬಹಳ ಜನಕ್ಕೆ ಬಾರದು. ಅದೂ ಸಂಸ್ಕೃತ ತುಂಬಿದ ಹಿಂದಿ. ಮನೆಯಲ್ಲಿ ಉರ್ದು ಮಾತಾಡುವ ಅಬ್ಬಾಗೆ ವಾಕ್ಯದ ಓಟ ತಿಳಿಯುತ್ತಿತ್ತು, ದೊಡ್ಡ ಪದಗಳು ತಿಳಿಯುತ್ತಿರಲಿಲ್ಲ. ಮೇಷ್ಟರಿಗೆ ಆ ಪದಗಳೆಲ್ಲ ಗೊತ್ತು, ವಾಕ್ಯ ಕೈಗೆ ಸಿಗದು. "ಸಾಹೇಬ್ರೇ, ಏನಂದ ಈಗ?" ಎಂದು ಅವರು. "ಪ್ರತಿಜ್ಞೆ ಅಂದ್ರೆ ಆಣೆ ತಾನೇ, ಮೇಷ್ಟ್ರೇ?" ಎಂದು ಇವರು. ಇಬ್ಬರೂ ಸೇರಿ ಬಿಡಿಸಿದ ಭೀಷ್ಮನ ಮಾತು ಕನ್ನಡವಾಗಿ ಚಾಪೆಯ ತುದಿ ಮುಟ್ಟುತ್ತಿತ್ತು.

ಆ ಸಂಭಾಷಣೆ ಬರೆದವರು ರಾಹಿ ಮಾಸೂಮ್ ರಝಾ ಎಂದು ನಮಗೆ ತಿಳಿದದ್ದು ಬಹಳ ವರ್ಷಗಳ ನಂತರ. ಮುಸ್ಲಿಮನಿಂದ ಮಹಾಭಾರತ ಬರೆಸುವುದೇಕೆಂದು ಆಗಲೇ ಆಕ್ಷೇಪದ ಪತ್ರಗಳು ಬಂದಿದ್ದವು. ಮೊದಲು ಒಲ್ಲೆನೆಂದಿದ್ದ ರಝಾ, ಆ ಪತ್ರಗಳನ್ನು ಕಂಡ ಮೇಲೆಯೇ ಬರೆಯಲು ಒಪ್ಪಿದರು ಎನ್ನುತ್ತಾರೆ. ಅರ್ಜುನನಾಗಿ ನಟಿಸಿದವರು ಫಿರೋಝ್ ಖಾನ್. ನಮ್ಮ ಚಾಪೆಯ ಮೇಲೆ ಈ ಹೆಸರುಗಳನ್ನು ಯಾರೂ ವಿಚಾರಿಸಿರಲಿಲ್ಲ.

2020ರಲ್ಲಿ ಮಾತ್ರ ಹೆಸರು ಕೇಳುವ ಕಾಲ ಬಂದಿತ್ತು. ರೋಗ ಹರಡಿದ್ದು ಒಂದೇ ಸಮುದಾಯವೆಂಬ ಮಾತು ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿತ್ತು. ನಮ್ಮ ಬೀದಿಗೆ ವರ್ಷಗಳಿಂದ ಬರುತ್ತಿದ್ದ ತರಕಾರಿ ಗಾಡಿಯ ಹುಡುಗನನ್ನು ಹೆಸರು ಕೇಳಿ ಹಿಂದಕ್ಕೆ ಕಳಿಸಿದರು. ಕಳಿಸಿದವರ ಮನೆಯಲ್ಲೂ ಸಂಜೆ ರಝಾ ಬರೆದ ಮಾತುಗಳೇ ಕೇಳಿಬರುತ್ತಿದ್ದವು.

ಅಬ್ಬಾ ಈಗಿಲ್ಲ, ಮೇಷ್ಟರೂ ಇಲ್ಲ. ಅಂದು ಆ ಹುಡುಗನ ಪರವಾಗಿ ನಾವೂ ಬೀದಿಗಿಳಿದು ಒಂದು ಮಾತು ಆಡಲಿಲ್ಲ. ಕಿಟಕಿಯಿಂದ ನೋಡಿ ಒಳಗೆ ಬಂದೆವು. ಆ ಸಂಜೆ ಗೋಡೆಯಾಚೆ ಮೇಷ್ಟರ ಮಗನ ಮನೆಯಿಂದಲೂ ಅದೇ ಧಾರಾವಾಹಿಯ ದನಿ ಬರುತ್ತಿತ್ತು. ಅಬ್ಬಾ ಇದ್ದಿದ್ದರೆ ಗಾಡಿಯ ಬಳಿಗೆ ಹೋಗುತ್ತಿದ್ದರು. ಮೇಷ್ಟರೂ ಹಿಂದೆಯೇ ಬರುತ್ತಿದ್ದರು.

ಲಾಕ್‌ಡೌನ್ ಮುಗಿದು ಆ ಹುಡುಗ ಮತ್ತೆ ಬಂದಾಗ ಮೊದಲು ಚೀಲ ಹಿಡಿದು ಹೋದವನು ಮೇಷ್ಟರ ಮಗ. ನಾವು ಎರಡನೆಯವರು.