ಹಂಗಾಮಿನ ಹಣ್ಣು, ಮನೆಯ ಕೇಕು

ದ್ರಾಕ್ಷಿ ಬೆಳೆಯುವವರ ಮನೆಯಲ್ಲಿ ಹುಟ್ಟಿದವನು ದ್ರಾಕ್ಷಿ ತಿಂದೇ ಬೆಳೆದಿರಬೇಕೆಂದು ಪಟ್ಟಣದ ನನ್ನ ಮಿತ್ರರು ನಂಬಿದ್ದಾರೆ. ಕಾಲೇಜಿನ ಸಹೋದ್ಯೋಗಿಗಳಂತೂ ಮಾಘಮಾಸ ಬಂತೆಂದರೆ ನನ್ನ ಕೈಚೀಲದ ಮೇಲೆಯೇ ಕಣ್ಣಿಟ್ಟಿರುತ್ತಾರೆ. ಅವರ ನಂಬಿಕೆಯನ್ನು ಮುರಿಯಲು ನನಗೆ ಮನಸ್ಸಿಲ್ಲ; ಆದರೂ ಸತ್ಯವನ್ನು ಹೇಳಲೇಬೇಕು. ಹಣ್ಣನ್ನು ಬೆಳೆಯುವವನಿಗೆ ಅದು ಹಣ್ಣಲ್ಲ, ಬೆಳೆ. ಹಣ್ಣಾಗುವುದು ಅದು ಮಾರುವವನ ಅಂಗಡಿಯಲ್ಲಿ, ಕೊಳ್ಳುವವನ ಬುಟ್ಟಿಯಲ್ಲಿ. ಬೆಳೆಯಾಗಿದ್ದುದು ನಮ್ಮ ಮನೆಯಲ್ಲಿಯೇ ಹಣ್ಣಾದುದು ಹೇಗೆ ಎಂಬುದನ್ನು ಹೇಳಹೊರಟರೆ ಒಂದು ಕೇಕಿನ ಕಥೆಯನ್ನೇ ಹೇಳಬೇಕಾಗುತ್ತದೆ.

ನಮ್ಮೂರು ಕನಮಡಿ. ವಿಜಯಪುರ ನಗರದಿಂದ ಟಿಕೋಟಾ ದಾಟಿ ಮಹಾರಾಷ್ಟ್ರದ ಗಡಿಯತ್ತ ಹೋದರೆ ಸಿಗುವ ಊರು. ಆಚೆಗೆ ಸಾಂಗಲಿ ಜಿಲ್ಲೆಯ ಜತ್ತ ತಾಲೂಕು. 2014ರಲ್ಲಿ ಬಿಜಾಪುರ ವಿಜಯಪುರವಾಯಿತು. ಆಮೇಲೆ ಟಿಕೋಟಾ, ಬಬಲೇಶ್ವರಗಳು ತಾಲೂಕುಗಳಾದವು. ಹೆಸರುಗಳು ಬದಲಾದರೂ ಮಳೆಯ ಸ್ವಭಾವ ಬದಲಾಗಲಿಲ್ಲ. ಬೇಕೆಂದಾಗ ಬಾರದೆ ಬೇಡವೆಂದಾಗ ಬರುವುದು ಅದರ ಹಳೆಯ ಚಾಳಿ. ಇಂಥ ನೆಲದಲ್ಲಿ ಜೋಳದ ಜೊತೆಗೆ ದ್ರಾಕ್ಷಿಯೂ ದಾಳಿಂಬೆಯೂ ನೆಲೆಯೂರಿವೆ. ಏಪ್ರಿಲಿನಲ್ಲಿ ಒಂದು ಛಾಟಣಿ, ಅಕ್ಟೋಬರಿನಲ್ಲಿ ಇನ್ನೊಂದು ಛಾಟಣಿ: ಹೀಗೆ ವರ್ಷಕ್ಕೆ ಎರಡು ಬಾರಿ ಬಳ್ಳಿಯನ್ನು ಕತ್ತರಿಸುತ್ತೇವೆ. ಮೊದಲನೆಯದು ಬಳ್ಳಿ ಬಲಿಯುವುದಕ್ಕೆ, ಎರಡನೆಯದು ಗೊನೆ ಬಿಡುವುದಕ್ಕೆ. ಅಕ್ಟೋಬರಿನ ಛಾಟಣಿಯಾಗಿ ಸುಮಾರು 4 ತಿಂಗಳಿಗೆ ತೋಟದಲ್ಲಿ ಸಕ್ಕರೆಯ ವಾಸನೆ ಹರಡುತ್ತದೆ.

ಆ ದಿನಗಳಲ್ಲಿ ಅಪ್ಪನ ತಲೆಯಲ್ಲಿ ಇರುವುದು ಗಣಿತವೊಂದೇ. ನಮ್ಮ ದ್ರಾಕ್ಷಿ ಬಹುಪಾಲು ಒಣದ್ರಾಕ್ಷಿಯಾಗುತ್ತದೆ. ಗೊನೆಗಳನ್ನು ಪೊಟ್ಯಾಸಿಯಮ್ ಕಾರ್ಬೊನೇಟೂ ಡಿಪ್ಪಿಂಗ್ ಎಣ್ಣೆಯೂ ಬೆರೆತ ನೀರಿನಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಅಂತಸ್ತಂತಸ್ತಾಗಿ ಹರಡುತ್ತಾರೆ. ಆ ದ್ರಾವಣವು ಸಿಪ್ಪೆಯ ಮೇಲಿನ ಮೇಣವನ್ನು ಸಡಿಲಿಸುವುದರಿಂದ ನೀರು ಬೇಗನೆ ಹಾರಿ, ಸುಮಾರು 2 ವಾರಗಳಲ್ಲಿ ಕಾಯಿ ಹೊಂಬಣ್ಣದ ಒಣದ್ರಾಕ್ಷಿಯಾಗುತ್ತದೆ. ಹೆಚ್ಚುಕಡಿಮೆ 4 ಕಿಲೋ ಹಸಿಯ ಕಾಯಿಗೆ 1 ಕಿಲೋ ಒಣಗಿದ್ದು. ಆದ್ದರಿಂದ ಮನೆಯ ಮಗು ಒಂದು ಗೊನೆಯತ್ತ ಕೈ ನೀಡಿದರೆ ಅಪ್ಪನಿಗೆ ಕಾಣುವುದು ಗೊನೆಯಲ್ಲ, ಅದರ ನಾಲ್ಕನೆಯ ಒಂದು ಭಾಗ, ಅದರ ಪೇಟೆಯ ಧಾರಣೆ, ಸಂಘದ ಸಾಲದ ಕಂತು. ಅವನು ಜಿಪುಣನಲ್ಲ, ಸಾಲಗಾರ. ಮನೆಗೆ ಬರುತ್ತಿದ್ದುದು ಉದುರಿದ ಕಾಯಿ, ವ್ಯಾಪಾರಿ ಬದಿಗಿಟ್ಟ ಗೊನೆ, ಬಣ್ಣಗೆಟ್ಟ ಒಣದ್ರಾಕ್ಷಿ. ಅವ್ವ ಇದಕ್ಕೆ ಎಂದೂ ಮರುಮಾತಾಡಿದವಳಲ್ಲ. ಯಾವ ಸಾಲಿಗೆ ಎಷ್ಟು ಗೊಬ್ಬರ, ಯಾವ ವಾರ ಯಾವ ಸಿಂಪಡಣೆ ಎಂಬುದನ್ನೆಲ್ಲ ಅಪ್ಪನಷ್ಟೇ ಬಲ್ಲವಳಾದರೂ ಹಣ್ಣಿನ ವಿಷಯದಲ್ಲಿ ಒಂದು ತೀರ್ಮಾನವನ್ನೂ ತಾನಾಗಿ ಕೈಗೊಂಡವಳಲ್ಲ.

ಕೇಕು ನಮ್ಮ ಸಂಸಾರದೊಳಗೆ ಬಂದುದು ಊರಿನಿಂದಲ್ಲ, ವಿಜಯಪುರದ ನಮ್ಮ ಬಾಡಿಗೆ ಮನೆಯಿಂದ. ಪಕ್ಕದ ಮನೆಯಲ್ಲಿ ಕುಮಟೆಯ ಕಡೆಯ ಒಬ್ಬ ಅಕ್ಕ ಇದ್ದಾರೆ. ಅವರ ಊರಿನಲ್ಲಿ ಸವತೆಕಾಯಿಯ ಕಾಲ ಬಂತೆಂದರೆ ತವಸಳಿಯ ಕಾಲವೂ ಬಂದಂತೆ. ಬಲಿತ ಸವತೆಕಾಯಿಯ ತುರಿ, ಅಕ್ಕಿಯ ರವೆ, ಬೆಲ್ಲ, ತೆಂಗಿನ ತುರಿ ಇವುಗಳನ್ನು ಕಲಸಿ ಪಾತ್ರೆಗೆ ತುಂಬಿ, ಕೆಳಗೆ ಕೆಂಡ, ಮುಚ್ಚಳದ ಮೇಲೆಯೂ ಕೆಂಡ ಇಟ್ಟು ಬೇಯಿಸುತ್ತಿದ್ದರಂತೆ. ಧೋಣಸ ಎಂದು ಕರೆಯುವವರೂ ಉಂಟು. ನನ್ನಾಕೆ ಅದನ್ನು ತಿಂದು ಬಂದ ದಿನವೇ, "ರೀ, ಇದು ಕೇಕ ಅಲ್ಲೇನ್ರೀ?" ಎಂದು ಕೇಳಿದಳು. ಎಂ.ಎ. ಪದವೀಧರನಾದ ನಾನು ಇಂಥ ಪ್ರಶ್ನೆಗೆ ಸುಮ್ಮನಿರಬಹುದೇ? ಹದಿನಾರನೆಯ ಶತಮಾನದ ಆದಿಯಲ್ಲಿದ್ದ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವೆಂಬ ಕಾವ್ಯವನ್ನೇ ಬರೆದಿರುವನೆಂದೂ, ಅದರಲ್ಲಿ ಪಿಷ್ಟಪಾಕಕ್ಕೆ, ಎಂದರೆ ಹಿಟ್ಟಿನ ತಿನಿಸುಗಳಿಗೆ, ಒಂದು ಅಧ್ಯಾಯವೇ ಮೀಸಲಾಗಿದೆಯೆಂದೂ, ಮೇಲೂ ಕೆಳಗೂ ಕಾವು ಕೊಟ್ಟು ಬೇಯಿಸುವ ಮುಚ್ಚಳರೊಟ್ಟಿ ಅಂದಿನವರಿಗೆ ಹೊಸತಲ್ಲವೆಂದೂ ಒಂದು ಉಪನ್ಯಾಸವನ್ನು ಬಿಗಿದೆ. ಆಕೆ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, "ಹಂಗಾರ ಒಲಿ ಹತ್ತಿಸಲಿಕ್ಕೆ ಅಡ್ಡಿಯಿಲ್ಲ" ಎಂದಳು.

ಕೇಕೆಂದರೆ ಪರದೇಶದ್ದು, ಅದಕ್ಕೆ ಪರದೇಶದ ಹಣ್ಣೇ ಬೇಕೆಂಬ ಭ್ರಮೆ ಒಂದುಂಟು. ಮಲಬಾರಿನ ತಲಶ್ಶೇರಿಯಲ್ಲಿ 1883ರಲ್ಲಿ ಮಂಬಳ್ಳಿ ಬಾಪು ಎಂಬ ಬೇಕರಿಯವರು, ಮರ್ಡಾಕ್ ಬ್ರೌನ್ ಎಂಬ ತೋಟದ ದೊರೆ ಇಂಗ್ಲೆಂಡಿನಿಂದ ತಂದ ಕೇಕಿನ ರುಚಿ ನೋಡಿ, ಅದರಂಥದೇ ಒಂದನ್ನು ಮಾಡಿಕೊಟ್ಟ ಕಥೆ ಪ್ರಸಿದ್ಧವಾಗಿದೆ. ದೊರೆ ಫ್ರೆಂಚ್ ಬ್ರಾಂದಿಯನ್ನು ಹಾಕೆಂದರೆ ಬಾಪು ಗೇರುಹಣ್ಣಿನ ಸಾರಾಯಿಯನ್ನೂ ಬಾಳೆಯ ಹಣ್ಣನ್ನೂ ಹಾಕಿದರಂತೆ. ದೊರೆ ಮೆಚ್ಚಿಕೊಂಡ. ಹಿಟ್ಟು ಎಲ್ಲಿಯದೇ ಇರಲಿ, ಕೇಕಿಗೆ ಊರೊಂದನ್ನು ಕೊಡುವುದು ಹಣ್ಣು. ಬೇಕರಿಯ ಗಾಜಿನ ಪೆಟ್ಟಿಗೆಯಲ್ಲಿರುವ ಕೇಕಿಗೆ ಊರೂ ಇಲ್ಲ, ತಿಂಗಳೂ ಇಲ್ಲ. ಅದರೊಳಗಿನ ಕೆಂಪು ಹಸಿರು ಟೂಟಿಫ್ರೂಟಿ ಯಾವುದೋ ಅಪರೂಪದ ಹಣ್ಣೆಂದು ನಾನು ಬಹುಕಾಲ ತಿಳಿದಿದ್ದೆ; ಸಕ್ಕರೆ ಪಾಕದಲ್ಲಿ ಕುದಿದು ಬಣ್ಣ ಬಳಿದುಕೊಂಡ ಪಪ್ಪಾಯಿಯ ಕಾಯಿ ಅದು. ಜ್ಯೇಷ್ಠದಲ್ಲಿಯೂ ಅದೇ, ಪುಷ್ಯದಲ್ಲಿಯೂ ಅದೇ.

ನಮ್ಮ ಕನಮಡಿಯ ಮನೆಯೊಳಗೆ ಕೇಕಿಗೆ ಸುಲಭವಾಗಿ ಪ್ರವೇಶ ದೊರೆಯಲಿಲ್ಲ. ಪಟ್ಟಣದಿಂದ ಮೊದಲ ಸಲ ಒಯ್ದಾಗ ಅವ್ವ ತಟ್ಟೆಯನ್ನು ಮುಟ್ಟದೆ ಕೇಳಿದಳು:

"ಇದರಾಗ ತತ್ತಿ ಹಾಕೀರೇನ?"

"ಇಲ್ರೀ ಅತ್ತಿ, ಬರೇ ಮಸರು ಹಾಕೇನ್ರಿ."

"ಹಂಗಾರ ನಮ್ಮ ಒಲಿ ಮ್ಯಾಲ, ನನ್ನ ಕಣ್ಮುಂದ ಮಾಡು. ನೋಡೂಣು."

ನ್ಯಾಯವಾದ ಮಾತು. ಮರುವಾರವೇ ಪರೀಕ್ಷೆ ನಡೆಯಿತು. ದಪ್ಪ ತಳದ ದೊಡ್ಡ ಪಾತೇಲಿಯಲ್ಲಿ ಎರಡು ಬೆರಳು ಹಳ್ಳದ ಉಸುಕನ್ನು ಹರವಿ ಮುಚ್ಚಿ ಕಾಯಿಸಿದರು. ಇತ್ತ 2 ಬಟ್ಟಲು ಜವೆಗೋಧಿಯ ಸಣ್ಣ ಹಿಟ್ಟು, 1 ಬಟ್ಟಲು ಹುಳಿಮೊಸರು, 1 ಬಟ್ಟಲು ಸಕ್ಕರೆ, ಅರ್ಧ ಬಟ್ಟಲು ಕುಸುಬಿ ಎಣ್ಣೆ, ಚಿಟಿಕೆ ಉಪ್ಪು, 1 ಚಮಚ ಬೇಕಿಂಗ್ ಪೌಡರು, ಅರ್ಧ ಚಮಚ ಸೋಡಾ. ಜವೆಗೋಧಿಯ ಹಿಟ್ಟಿಗೆ ಜಿಗುಟು ಕಡಿಮೆ. ಆದ್ದರಿಂದ ಕೇಕು ಮೃದುವಾಗಿ ಪುಡಿಯಾಗುತ್ತದೆ, ರೊಟ್ಟಿಯಂತೆ ಎಳೆಯುವುದಿಲ್ಲ. ಮೊಸರಿನ ಹುಳಿಯೂ ಸೋಡಾವೂ ಕೂಡಿದೊಡನೆ ಗಾಳಿಯ ಗುಳ್ಳೆಗಳೇಳುತ್ತವೆ. ಕೇಕನ್ನು ಎತ್ತಿ ಹಿಡಿಯುವವು ಅವೇ. ಕಲಸಿಟ್ಟು ಹರಟೆಗೆ ಕುಳಿತರೆ ಗುಳ್ಳೆ ಒಡೆದುಹೋಗುತ್ತದೆ. ಆದ್ದರಿಂದ ಕಲಸಿದ ಕೂಡಲೆ ಒಲೆಗೆ ಏರಿಸಬೇಕು. ಹೆಚ್ಚು ನಾದಲೂ ಬಾರದು.

ನನಗೆ ವಹಿಸಿದ್ದ ಕೆಲಸ ದ್ರಾಕ್ಷಿಯನ್ನು ಸೀಳುವುದು. ಇಡಿಯ ಕಾಯಿ ಹಾಕಿದರೆ ಕಾವಿಗೆ ಒಡೆದು ಸುತ್ತಲಿನ ಹಿಟ್ಟನ್ನು ತೊಯಿಸುತ್ತದೆ. ಆದುದರಿಂದ ಎರಡಾಗಿ ಸೀಳಿ, ಬಟ್ಟೆಯ ಮೇಲೆ ಹರವಿ ನೀರಾರಿಸಿ, ಒಣ ಹಿಟ್ಟಿನಲ್ಲಿ ಹೊರಳಿಸಿ, ಕಡೆಯಲ್ಲಿ ಸೇರಿಸಬೇಕು. ಹಿಟ್ಟು ಮೆತ್ತಿದ ಹಣ್ಣು ತಳಕ್ಕೆ ಇಳಿಯುವುದು ಕಡಿಮೆ. ಎಣ್ಣೆ ಸವರಿದ ಬೋಗುಣಿಗೆ ಅರ್ಧಕ್ಕಿಂತ ತುಸು ಮೇಲೆ ತುಂಬಿ, ಉಸುಕಿನ ಮೇಲೆ ಒಂದು ಒತ್ತುಬಟ್ಟಲನ್ನಿಟ್ಟು ಅದರ ಮೇಲೆ ಕೂರಿಸಿ, ಮುಚ್ಚಳ ಮುಚ್ಚಿದರು. ಛಾಟಣಿಯ ಒಣಕಡ್ಡಿ ಬೇಗ ಹೊತ್ತಿ ಬೇಗ ಆರುತ್ತದೆ. ಒಲೆ ಹತ್ತಿಸಲು ಅದು, ಕೆಂಡಕ್ಕೆ ಬದುವಿನ ಜಾಲಿ. ಮುಚ್ಚಳದ ಮೇಲೆ ಒಂದಿಷ್ಟು ಕೆಂಡವನ್ನು ಹಾಕಿದಾಗ ಅವ್ವನ ಮುಖ ಅರಳಿತು. ಆ ಬೆಂಕಿ ಅವಳಿಗೆ ಪರಿಚಯದ್ದು. ಮುಕ್ಕಾಲು ಗಂಟೆಯ ಬಳಿಕ ಕಡ್ಡಿ ಚುಚ್ಚಿ ತೆಗೆದರೆ ಹಿಟ್ಟು ಅಂಟಿರಲಿಲ್ಲ. ಅವ್ವ ಒಂದು ಚೂರನ್ನು ಬಾಯಿಗಿಟ್ಟು, "ಮಾದಲಿಗೆ ತಂಗಿ ಆಗಬೇಕು ಇದು" ಎಂದಳು. ಹೋಳಿಗೆ, ಮಾದಲಿಗಳ ನಾಡಿನಲ್ಲಿ ಇದಕ್ಕಿಂತ ದೊಡ್ಡ ಬಿರುದನ್ನು ಕೇಕು ಬಯಸಬಾರದು.

ಆಮೇಲೆ ಹಂಗಾಮಿಗೊಂದು ಕೇಕು ಎಂಬ ಪದ್ಧತಿ ನಮ್ಮಲ್ಲಿ ಬೆಳೆಯಿತು. ಬೇಸಿಗೆಗೆ ಮಾವು: ರಸ ದಪ್ಪನಾಗಿದ್ದರೆ ಮೊಸರನ್ನು ಕಡಿಮೆ ಮಾಡಬೇಕು. ಚಳಿಗಾಲಕ್ಕೆ ಪೇರಲ: ಬೀಜ ಸೋಸಿ ತಿರುಳನ್ನಷ್ಟೇ ಬಳಸಬೇಕು. ಇಂಡಿಯ ಲಿಂಬೆಯಾದರೆ ರಸಕ್ಕಿಂತ ಸಿಪ್ಪೆಯ ತುರಿಯೇ ಮೇಲು. ಸಿಪ್ಪೆಯೊಳಗಿನ ಬಿಳಿಯ ಭಾಗ ಮಾತ್ರ ಬೀಳಬಾರದು, ಕಹಿ. ದಾಳಿಂಬೆಯ ಕಾಳು ಬೆಂದರೆ ಬೀಜ ಗಟ್ಟಿಯಾಗಿ ಹಲ್ಲಿಗೆ ಸಿಗುತ್ತದೆ. ಅದನ್ನು ಆರಿದ ಕೇಕಿನ ಮೇಲೆ ಉದುರಿಸುವುದೇ ಲೇಸು. ಇನ್ನು ಸೀತಾಫಲ ಬೆಂಕಿಯನ್ನು ಸಹಿಸುವುದಿಲ್ಲ. ಕಾವು ತಗುಲಿದರೆ ಅದರ ತಿರುಳು ಕಹಿಯಾಗುತ್ತದೆ. ಆ ಹಣ್ಣನ್ನು ಮರದಡಿಯಲ್ಲಿಯೇ ತಿಂದು ಕೈತೊಳೆದುಕೊಳ್ಳುವುದು ವಿವೇಕ. ಒಂದೊಂದು ಹಣ್ಣಿಗೂ ಅದರದೇ ಒಂದು ಮರ್ಯಾದೆ ಇದೆ. ಪುಸ್ತಕದ ಅಳತೆಯನ್ನು ಹಿಡಿದು ಎಲ್ಲಕ್ಕೂ ಒಂದೇ ನ್ಯಾಯ ಹೇಳಲಾಗದು.

ಒಂದು ವರ್ಷ ಮಾರ್ಚಿನಲ್ಲಿ, ಶೆಡ್ಡಿನ ಬಲೆಗಳ ತುಂಬ ಕಾಯಿ ಹರಡಿದ್ದಾಗ, ಮಳೆ ಬಂತು. ಎರಡು ರಾತ್ರಿ ಸುರಿಯಿತು. ಬದಿಗೆ ಕಟ್ಟಿದ್ದ ತಾಡಪತ್ರಿ ಹರಿದು ಇರಚಲು ಒಳಗೆ ಹೊಕ್ಕಿತು. ಥಂಡಿಯ ಗಾಳಿಯಲ್ಲಿ ಅರ್ಧ ಒಣಗಿದ ಕಾಯಿ ಕಪ್ಪಿಟ್ಟಿತು. ಬಳ್ಳಿಯಲ್ಲಿ ಇನ್ನೂ ಉಳಿದಿದ್ದ ಗೊನೆಗಳಲ್ಲಿ ಕಾಯಿ ನೀರು ಕುಡಿದು ಸೀಳಿತು. ನಾನು ಭಾನುವಾರ ಊರಿಗೆ ಹೋದಾಗ ಅಪ್ಪ ಶೆಡ್ಡಿನ ಮುಂದೆ ಕಲ್ಲಿನ ಮೇಲೆ ಕುಳಿತಿದ್ದ. ವ್ಯಾಪಾರಿ ಬಂದು ನೋಡಿ ಹೋಗಿದ್ದ. ಹೇಳಿದ ಧಾರಣೆ ಔಷಧದ ಖರ್ಚಿಗೂ ಸಾಲದಾಗಿತ್ತು. ಸೀಳಿದ ಗೊನೆಗಳನ್ನು ಕಿತ್ತು ತಿಪ್ಪೆಗೆ ಒಗೆಯಲು ಆಳಿಗೆ ಹೇಳಿ ಅಪ್ಪ ಮುಖ ತಿರುಗಿಸಿಕೊಂಡ. ಮೂರು ದಿನಗಳಿಂದ ಅವನು ಸರಿಯಾಗಿ ಉಂಡಿರಲಿಲ್ಲವೆಂದು ಅವ್ವ ಮೆಲ್ಲಗೆ ಹೇಳಿದಳು. ನಮ್ಮ ಭಾಗದಲ್ಲಿ ಸಾಲದ ಬೆಳೆ ಕೈಕೊಟ್ಟಾಗ ಊಟ ಬಿಟ್ಟು ಕುಳಿತವನನ್ನು ಮನೆಯವರು ಒಂಟಿಯಾಗಿ ಬಿಡುವುದಿಲ್ಲ. ಏಕೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಮಧ್ಯಾಹ್ನ ಅವ್ವ ತಾನಾಗಿಯೇ ತೋಟಕ್ಕೆ ನಡೆದಳು. ಸಿಂಪಡಣೆ ನಿಂತು ತಿಂಗಳಾಗಿದ್ದ ಬಾವಿಯ ಕಡೆಯ ಸಾಲಿನಿಂದ, ಆಗಷ್ಟೇ ಸೀಳಿದ್ದ, ಹುಳಿಯದಿದ್ದ ಕಾಯಿಗಳನ್ನು ಒಂದೊಂದಾಗಿ ಆರಿಸಿ ಉಡಿಯಲ್ಲಿ ತುಂಬಿಕೊಂಡು ಬಂದಳು. "ಅದೇನೋ ಕೇಕ ಅಂತೀರಲ್ಲ, ಅದನ್ನ ಮಾಡೂಣು ಬಾ ಯವ್ವಾ" ಎಂದು ಸೊಸೆಯನ್ನು ಕರೆದಳು. ಇಬ್ಬರೂ ಮಾತಿಲ್ಲದೆ ಕೆಲಸ ಮಾಡಿದರು. ಸಂಜೆ ಪಡಸಾಲೆಗೆ ಬೆಂದ ದ್ರಾಕ್ಷಿಯ ವಾಸನೆ ಬಂದಾಗ ಅಪ್ಪ ತಲೆಯೆತ್ತಿದ. ತಟ್ಟೆಯನ್ನು ಮೊಮ್ಮಗಳು ಒಯ್ದು ಮುಂದಿಟ್ಟಳು. ಅವನು ಒಂದು ಹೋಳು ತಿಂದ. ಮತ್ತೊಂದನ್ನು ಕೈಗೆತ್ತಿಕೊಂಡು ಕೇಳಿದ:

"ಯಾವ ಸಾಲಿನ ಕಾಯಿ ಇವು?"

"ಬಾವಿ ಕಡೀ ಸಾಲಿನವು. ನೀವು ಒಗದು ಬಾ ಅಂದಿದ್ರೆಲ್ಲಾ, ಅವು."

ಅಪ್ಪ ಏನೂ ಹೇಳಲಿಲ್ಲ. ಆದರೆ ಆ ರಾತ್ರಿ ರೊಟ್ಟಿ ಊಟ ಮಾಡಿದ.

ಕೇಕು ಸಾಲವನ್ನು ತೀರಿಸಲಿಲ್ಲ. ಕಂತನ್ನು ಮುಂದಕ್ಕೆ ಹಾಕಿಸಿಕೊಳ್ಳಲು ಅಲೆದಾಡಿದುದೂ, ನನ್ನ ಸಂಬಳದಿಂದ ಒಂದಿಷ್ಟು ತೆಗೆದುಕೊಟ್ಟುದೂ, ಮುಂದಿನ ಹಂಗಾಮು ಕೈಹಿಡಿದ ಮೇಲೆ ಉಸಿರಾಡಿದುದೂ ಬೇರೆಯ ಕಥೆ. ಹಣ್ಣಿನ ಧಾರಣೆ ಸಾಂಗಲಿ ತಾಸಗಾಂವದ ಪೇಟೆಯಲ್ಲಿ ನಿರ್ಣಯವಾಗುತ್ತದೆಯೇ ಹೊರತು ನಮ್ಮ ಅಡುಗೆಮನೆಯಲ್ಲಲ್ಲ. ಆದರೂ ಆ ಅಕ್ಟೋಬರಿನಲ್ಲಿ ಒಂದು ಸಂಗತಿ ನಡೆಯಿತು. ಛಾಟಣಿಯ ದಿನ ಅಪ್ಪ ಬಾವಿಯ ಕಡೆಯ ಸಾಲಿನ ಮೊದಲ ಕಂಬಕ್ಕೆ ಒಂದು ಕೆಂಪು ಅರಿವೆಯನ್ನು ಕಟ್ಟಿ, "ಇದು ಮನೀಗೆ. ಇದರ ಲೆಕ್ಕ ನಿಮ್ಮವ್ವಗ ಕೇಳ್ರಿ" ಎಂದು ನನಗೂ ಆಳಿಗೂ ಒಟ್ಟಿಗೆ ಹೇಳಿದ. ಮೂವತ್ತು ವರ್ಷ ಆ ತೋಟದಲ್ಲಿ ದುಡಿದವಳಿಗೆ ದೊರೆತ ಮೊದಲ ಸಾಲು ಅದು.

ಅವ್ವನ ಲೆಕ್ಕ ಸರಳವಾದುದು. ಮೊದಲ ಗೊನೆ ದೇವರಿಗೆ. ಆಮೇಲೆ ಮೊಮ್ಮಗಳಿಗೆ, ಆಳುಗಳ ಮಕ್ಕಳಿಗೆ. ಒಂದು ಪಾಲು ಹಸಿಯದೇ ಕೇಕಿಗೆ. ಉಳಿದುದನ್ನು ಚಾವಣಿಯ ನೆರಳಿನಲ್ಲಿ ಒಣಗಿಸಿ, ದ್ರಾಕ್ಷಿಯಿಲ್ಲದ ತಿಂಗಳುಗಳಿಗೆ. ಬಳಸುವ ಮುನ್ನ ಅದನ್ನು ಬೆಚ್ಚನೆಯ ನೀರಿನಲ್ಲಿ ತೊಳೆದು ಹಿಂಡಿ ಹಾಕುತ್ತಾಳೆ. ಒಂದು ಬುಟ್ಟಿ ಮಾತ್ರ ತಪ್ಪದೆ ನನ್ನ ಕೈಯಲ್ಲಿ ವಿಜಯಪುರಕ್ಕೆ ಬರುತ್ತದೆ, ಪಕ್ಕದ ಮನೆಯ ಕುಮಟೆಯ ಅಕ್ಕನಿಗೆಂದು. ಅವರೂ ಬುಟ್ಟಿಯನ್ನು ಬರಿದಾಗಿ ಹಿಂದಿರುಗಿಸುವವರಲ್ಲ. ಮಳೆಗಾಲದಲ್ಲಿ ಊರಿನಿಂದ ಸವತೆಕಾಯಿ ಬಂದ ವಾರ ಅದರಲ್ಲಿ ತವಸಳಿ ಬರುತ್ತದೆ. ಕನಮಡಿಯ ತನಕ ಅದು ಕೆಡದೆ ತಲುಪುತ್ತದೆ.