ಎಣ್ಣೆ ಎಲ್ಲಿಗೆ ಹೋಗುತ್ತೆ?

ಬೈಕಿನ ಎಂಜಿನ್ ಬಿಚ್ಚಿ ಪುಟ್ಟ ರೇಸ್ ಕಾರಿಗೆ ಕೂರಿಸೋದು ಅಂದ್ರೆ ನಾಲ್ಕು ಬೋಲ್ಟ್ ಬಿಗಿಯೋ ಕೆಲಸ ಅಂತ ಬಹಳ ಜನ ಅಂದ್ಕೋತಾರೆ. ಬೆಂಗಳೂರಿನ ಆರ್.ವಿ. ಕಾಲೇಜಿನ ಅಶ್ವ ರೇಸಿಂಗ್‌ನಂಥ ತಂಡಗಳನ್ನು ನೋಡಿ ನಮ್ಮ ಕಾಲೇಜಿನಲ್ಲೂ ಒಂದು ತಂಡ ಕಟ್ಟಿದ್ವಿ. ಫಾರ್ಮುಲಾ ಸ್ಟೂಡೆಂಟ್ ನಿಯಮದ ಪ್ರಕಾರ ಎಂಜಿನ್ 710 ಸಿಸಿ ದಾಟಬಾರದು. ಪೆಟ್ರೋಲ್ ಆದರೆ ಒಳಗೆ ಹೋಗುವ ಗಾಳಿಯೆಲ್ಲ 20 ಮಿ.ಮೀ. ಕಿಂಡಿಯಲ್ಲೇ ಹಾಯಬೇಕು. ನಾವು ಆರಿಸಿದ್ದು ಕೆಟಿಎಂ 390ರ 373 ಸಿಸಿ ಎಂಜಿನ್. ಎಲ್ಲರೂ ದುಡ್ಡು ಹಾಕಿ ಸೆಕೆಂಡ್ ಹ್ಯಾಂಡ್ ತಂದದ್ದು. ನನ್ನ ಪಾಲು ಬಂದದ್ದು ಒಮಾನಿನ ಅಲ್ ಹೈಲ್‌ನಿಂದ, ಅಪ್ಪನ ಸಂಬಳದಲ್ಲಿ. ಅದು ಸೀಜ್ ಆದರೆ ಇನ್ನೊಂದು ತರೋಕೆ ನಮ್ಮ ಹತ್ತಿರ ಕಾಸಿರಲಿಲ್ಲ.

ಅಪ್ಪ ಓದಿದ್ದು ಹತ್ತನೇ ಕ್ಲಾಸು, ಮಾಡೋದು ಗಾಡಿ ರಿಪೇರಿ. ವಿಡಿಯೋ ಕಾಲ್‌ನಲ್ಲಿ ಚಾಸಿ ತೋರಿಸಿ ಮೌಂಟು, ಚೈನು, ಡಿಫರೆನ್ಷಿಯಲ್ಲು ಎಲ್ಲಾ ವಿವರಿಸಿದೆ. ಸುಮ್ಮನೆ ಕೇಳಿಸ್ಕೊಂಡು ಕೊನೆಗೆ, "ತಿರುವಲ್ಲಿ ಬೈಕು ವಾಲುತ್ತೆ. ನಿಮ್ ಕಾರು ವಾಲಲ್ವಲ್ಲ, ಎಣ್ಣೆ ಎಲ್ಲಿಗೆ ಹೋಗುತ್ತೆ ಮಗಾ?" ಅಂದ್ರು.

ಇಡೀ ಕೆಲಸದ ಗುಟ್ಟು ಅಲ್ಲೇ ಇತ್ತು. ನೀರು ತುಂಬಿದ ತಂಬಿಗೆ ತಿರುಗಿಸಿದರೂ ಚೆಲ್ಲೋದಿಲ್ಲವಲ್ಲ, ಹಾಗೆ ವಾಲಿದ ಬೈಕಿನಲ್ಲಿ ಎಣ್ಣೆ ಸಂಪಿನ ತಳದಲ್ಲೇ ಇರುತ್ತೆ. ಕಾರಿನಲ್ಲಿ ಅದು ಪಕ್ಕಕ್ಕೆ ನುಗ್ಗುತ್ತೆ. ಗುರುತ್ವದಷ್ಟೇ ಬಲ ಪಕ್ಕಕ್ಕೆ ಎಳೆದರೆ ಎಣ್ಣೆಯ ಮಟ್ಟ 45 ಡಿಗ್ರಿ ಓರೆಯಾಗುತ್ತೆ. ಆಗ ಪಂಪು ಎಣ್ಣೆ ಬದಲು ಗಾಳಿ ಎಳೆದರೆ ಬೇರಿಂಗ್ ಒಣಗಿ ಹೋಯ್ತು ಅಂತಲೇ ಲೆಕ್ಕ.

ಸಂಪಿನೊಳಗೆ ತಡೆ ತಗಡುಗಳನ್ನು ಕೂರಿಸಿದ್ವಿ. ಎಣ್ಣೆ ಪಿಕಪ್ ಕಡೆಗೆ ಬರಬೇಕು, ವಾಪಸ್ ಓಡಬಾರದು, ಅದಕ್ಕೆ ಒಂದೇ ಕಡೆ ತೆರೆಯೋ ಸಣ್ಣ ಬಾಗಿಲು. ಡ್ಯಾಶ್‌ಬೋರ್ಡಿಗೆ ಎಣ್ಣೆ ಒತ್ತಡದ ದೀಪ. ಕಾಲೇಜಿನ ಮೈದಾನದಲ್ಲಿ ಎಡಕ್ಕಿಷ್ಟು, ಬಲಕ್ಕಿಷ್ಟು ಸುತ್ತು ಹೊಡೆದಾಗ ಎಲ್ಲರ ಕಣ್ಣೂ ಆ ದೀಪದ ಮೇಲೇ. ಹತ್ತಲಿಲ್ಲ.

ನಿಮ್ಮಲ್ಲೂ ಕೆಲವರ ಅಪ್ಪ ಗಲ್ಫಿನಲ್ಲಿ ಇದ್ದಿರಬಹುದು. ನನಗೆ ಅಪ್ಪ ಅಂದರೆ ಎರಡು ವರ್ಷಕ್ಕೊಮ್ಮೆ ರಜೆಗೆ ಬರೋರು. "ಊಟ ಆಯ್ತಾ, ಪರೀಕ್ಷೆ ಯಾವಾಗ" ಬಿಟ್ಟರೆ ನಮ್ಮ ನಡುವೆ ಮಾತಿರಲಿಲ್ಲ. ಆ ಎಂಜಿನ್ ನಮಗೊಂದು ಮಾತು ಕೊಡ್ತು. ಮಾಸ್ಟರ್ಸ್‌ಗೆ ಅಂತ ಬಂದು ಈಗ ಅಲ್ ಹೈಲ್‌ನಲ್ಲಿ ಅಪ್ಪನ ರೂಮಿನಲ್ಲೇ ಇದ್ದೀನಿ. ನಾನು ಲೆಕ್ಕ ಹೇಳ್ತೀನಿ, ಅವರು ಕೈಯಲ್ಲಿ ಮುಟ್ಟಿ ನೋಡಿದ್ದನ್ನ ಹೇಳ್ತಾರೆ. ಎಷ್ಟೋ ಸಲ ಎರಡೂ ಒಂದೇ ಕಡೆ ಬಂದು ನಿಲ್ಲುತ್ತೆ.

ಊರಿನಿಂದ ಜೂನಿಯರ್‌ಗಳು ಫೋನ್ ಮಾಡ್ತಾನೇ ಇರ್ತಾರೆ. ನಾನು ಹಲೋ ಅನ್ನೋಷ್ಟರಲ್ಲಿ ಕೇಳೋದು, "ಅಣ್ಣಾ, ಅಂಕಲ್ ಇದಾರಾ?"