ಪೆಟ್ಟಿಗೆ ದೊಡ್ಡದಿದ್ದರೆ ಸಾಲದು

ನಮಗೆ ಗಣಿತವನ್ನು ಬೋಧಿಸಿದ ಗುರುಗಳ ಮನೆಯಲ್ಲಿ ಶಾಲೆಯ ಹಳೆಯ ವಾರ್ಷಿಕೋತ್ಸವಗಳ ಛಾಯಾಚಿತ್ರಗಳ ಕಟ್ಟೊಂದು ಇದ್ದಿತು. ಅವನ್ನು ಸ್ಕ್ಯಾನ್ ಮಾಡಿ ಶಾಲೆಯ ಗ್ರಂಥಾಲಯಕ್ಕೆ ಒಪ್ಪಿಸಬೇಕೆಂಬ ಹಂಬಲದಿಂದ ಕೆಲವು ವರ್ಷಗಳ ಹಿಂದೆ ನಾನು ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕೊಂದನ್ನು ಕೊಂಡೆನು. ಆ ಸಂದರ್ಭದಲ್ಲಿ ಕಲಿತ ಪಾಠವನ್ನು ಇಲ್ಲಿ ನಿವೇದಿಸಿಕೊಳ್ಳುತ್ತೇನೆ.

ಚಿತ್ರಗಳೆಲ್ಲ ಸುಗಮವಾಗಿ ಡಿಸ್ಕನ್ನು ಸೇರಿದವು. ಗುರುಗಳ ಸನ್ಮಾನ ಸಮಾರಂಭದ 6 ಜಿಬಿಯ ವಿಡಿಯೊ ಮಾತ್ರ ಸೇರಲೊಲ್ಲದು. ಜಾಗವೋ ಬೇಕಾದಷ್ಟಿದೆ; ಆದರೂ ಫೈಲು ತೀರ ದೊಡ್ಡದೆಂಬ ಸೂಚನೆ! ವಿಚಾರಿಸಲಾಗಿ, ಡಿಸ್ಕು ಫ್ಯಾಟ್32 ಎಂಬ ಫೈಲ್ ವ್ಯವಸ್ಥೆಯಲ್ಲಿದ್ದುದು ತಿಳಿಯಿತು. 1996ರಲ್ಲಿ ಬಂದ ಈ ಪದ್ಧತಿಯು ಪ್ರತಿ ಫೈಲಿನ ಅಳತೆಯನ್ನು 32 ಬಿಟ್‌ಗಳಲ್ಲಿ ಬರೆದಿಡುತ್ತದೆ. ಎರಡರ 32ನೆಯ ಘಾತವೆಂದರೆ 4 ಜಿಬಿ. ಅಷ್ಟನ್ನು ಮುಟ್ಟಿದ ಫೈಲು ಅದರಲ್ಲಿ ಹಿಡಿಸದು. ಗುರುಗಳು ಕಲಿಸಿದ ಗಣಿತವೇ ಅಡ್ಡ ನಿಂತಿತ್ತು!

ಬೇರೆ ವ್ಯವಸ್ಥೆಯನ್ನು ಆರಿಸಬೇಕಾಯಿತು. 1993ರ ಎನ್‌ಟಿಎಫ್‌ಎಸ್ ತಾನು ಮಾಡುವ ಬದಲಾವಣೆಗಳನ್ನು ಮೊದಲು ದಿನಚರಿಯಂತೆ ಬರೆದಿಟ್ಟುಕೊಳ್ಳುವುದರಿಂದ, ವಿದ್ಯುತ್ತು ಹಠಾತ್ತನೆ ಹೋದರೂ ತನ್ನ ರಚನೆಯನ್ನು ಸರಿಪಡಿಸಿಕೊಳ್ಳಬಲ್ಲದು. ವಿಂಡೋಸ್ ಒಂದನ್ನೇ ಬಳಸುವವರಿಗೆ ಅದು ಯೋಗ್ಯ. ಆದರೆ ಮ್ಯಾಕ್ ಗಣಕಗಳು ಅದನ್ನು ಓದುತ್ತವೆಯೇ ಹೊರತು ಪ್ರತ್ಯೇಕ ತಂತ್ರಾಂಶವಿಲ್ಲದೆ ಬರೆಯಲಾರವು. ನನ್ನ ಗಣಕ ವಿಂಡೋಸ್, ವಿಡಿಯೊವನ್ನು ಸಂಕಲಿಸುವ ಮಿತ್ರರದು ಮ್ಯಾಕ್. ಹೀಗಾಗಿ 2006ರಲ್ಲಿ ಬಂದ ಎಕ್ಸ್‌ಫ್ಯಾಟನ್ನು ಆರಿಸಿದೆನು. ಎರಡೂ ಕಡೆ ಅದು ಓದಲೂ ಬರೆಯಲೂ ಒದಗುತ್ತದೆ. ಅದರ ವಿವರಗಳು 2019ರಲ್ಲಿ ಬಹಿರಂಗವಾದ ಮೇಲೆ ಲಿನಕ್ಸ್ ಕೂಡ ಅದನ್ನು ಒಳಗೊಂಡಿತು. ದಿನಚರಿಯ ರಕ್ಷಣೆ ಅದಕ್ಕಿಲ್ಲ. ಕ್ರಮವಾಗಿ ಬೇರ್ಪಡಿಸದೆ ತಂತಿಯನ್ನು ಕೀಳಬಾರದು.

ಆಯ್ಕೆ ಸರಿಯಾಗಿತ್ತು, ತಪ್ಪಿದ್ದು ನನ್ನ ಅವಸರ. ವ್ಯವಸ್ಥೆಯನ್ನು ಬದಲಿಸಿದರೆ ಒಳಗಿರುವುದೆಲ್ಲ ಅಳಿಯುವುದೆಂದು ಗಣಕವು ಎಚ್ಚರಿಸಿತು. ಚಿತ್ರಗಳೆಲ್ಲವೂ ಗಣಕದಲ್ಲಿವೆಯೆಂಬ ಧೈರ್ಯದಿಂದ ಪೂರ್ಣ ಫಾರ್ಮ್ಯಾಟಿಗೆ ಒಪ್ಪಿಗೆಯಿತ್ತೆನು. ಆಮೇಲೆ ನೋಡಿದರೆ, ಒಂದು ಫೋಲ್ಡರು ನೇರವಾಗಿ ಡಿಸ್ಕಿಗಷ್ಟೇ ಹೋಗಿತ್ತು. ಅದನ್ನು ಮರಳಿ ಪಡೆಯುವ ದಾರಿ ಉಳಿದಿರಲಿಲ್ಲ.

ತಲೆತಗ್ಗಿಸಿಕೊಂಡು ಮತ್ತೆ ಗುರುಗಳ ಮನೆಗೆ ಹೋದೆನು. ಅವರು ಒಂದು ಮಾತೂ ಆಡದೆ ಕಟ್ಟನ್ನು ತಂದಿಟ್ಟರು. ಅಷ್ಟರಲ್ಲಿ ಮಳೆಗಾಲ ಕಳೆದು ಎರಡು ಚಿತ್ರಗಳಿಗೆ ಗೆದ್ದಲು ಹಿಡಿದಿತ್ತು. ಅದರಲ್ಲೊಂದು ನಮ್ಮ ತರಗತಿಯದು. ನಮ್ಮ ನಡುವೆ ಈಗಿಲ್ಲದ ಇಬ್ಬರು ಗೆಳೆಯರ ಮುಖಗಳಿದ್ದ ಚಿತ್ರವದು.

“ಉಳಿದವನ್ನಾದರೂ ಪ್ರತಿ ಮಾಡಿಕೊಳ್ಳಪ್ಪಾ. ಈ ಸಲ ಎರಡು ಕಡೆ ಇಡು” ಎಂದಷ್ಟೇ ಗುರುಗಳು ನುಡಿದರು.

ಈಗ ಆ ಸಂಗ್ರಹವು ಎರಡು ಡಿಸ್ಕುಗಳಲ್ಲಿದೆ. ಒಂದು ಶಾಲೆಯಲ್ಲಿ, ಮತ್ತೊಂದು ನನ್ನಲ್ಲಿ. ಆ ಒಂದು ಚಿತ್ರದ ಪ್ರತಿ ಯಾವ ಹಳೆಯ ವಿದ್ಯಾರ್ಥಿಯ ಮನೆಯಲ್ಲಾದರೂ ಇದ್ದರೆ ದಯಮಾಡಿ ಶಾಲೆಗೆ ತಿಳಿಸಬೇಕೆಂದು ವಿನಂತಿಸುತ್ತೇನೆ.